ಮೊಮ್ಮಕ್ಕಳ ತಟ್ಟೆಯ ಮುಂದೆ ಕೂತ ಮುತ್ಯಾ-ಆಯಿಗಳಿಗೆ

ಹೈದರಾಬಾದಿನಲ್ಲಿ ಮೊಮ್ಮಕ್ಕಳನ್ನು ಸಾಕುತ್ತಿರುವ ಕನ್ನಡದ ಹಿರಿಯರೇ,

ನಿಮ್ಮಲ್ಲಿ ಕೆಲವರು ಕಾಚಿಗುಡ, ಬರ್ಕತ್‌ಪುರ, ಸುಲ್ತಾನ್ ಬಜಾರಿನ ಹಳೆಯ ಮನೆಗಳವರು. ಬೀದರ್, ಕಲಬುರಗಿ, ರಾಯಚೂರು ಇನ್ನೂ ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಾಲಕ್ಕೇ ನಿಮ್ಮ ಹಿರಿಯರು ಇಲ್ಲಿಗೆ ಬಂದು ನೆಲೆಸಿದರು. ಇನ್ನು ಕೆಲವರು ಈಚೆಗೆ ಬಂದವರು. ಮಗನಿಗೋ ಮಗಳಿಗೋ ಗಚ್ಚಿಬೌಲಿಯಲ್ಲಿ ಕೆಲಸ, ಕೊಂಡಾಪುರದಲ್ಲೋ ಮಿಯಾಪುರದಲ್ಲೋ ಎತ್ತರದ ಮಹಡಿಯಲ್ಲಿ ಮನೆ. ಸೊಸೆಯ ಹೆರಿಗೆ ರಜೆ ಮುಗಿಯುತ್ತಲೇ ಊರಿನ ಮನೆಗೆ ಬೀಗ ಹಾಕಿ, ಚೀಲದಲ್ಲಿ ಜೋಳದ ಹಿಟ್ಟು, ಶೇಂಗಾ ಹಿಂಡಿ ಕಟ್ಟಿಕೊಂಡು ಇಮ್ಲಿಬನ್ ಬಸ್ ನಿಲ್ದಾಣದಲ್ಲಿ ಇಳಿದಿರಿ. ಕೂಸು ಎದ್ದಾಗಿನಿಂದ ಅದರ ಅಪ್ಪ-ಅಮ್ಮ ಸಂಜೆ ಕ್ಯಾಬ್‌ನಿಂದ ಇಳಿಯುವ ತನಕ ಅದರ ಹೊಟ್ಟೆಯ ಕಾಳಜಿಯೆಲ್ಲ ನಿಮ್ಮದು. ಈ ಪತ್ರವನ್ನು ಅಪ್ಪ-ಅಮ್ಮಂದಿರಿಗೆ ಬರೆಯದೆ ನಿಮಗೇ ಬರೆಯಲು ಅದೇ ಕಾರಣ.

ಮಕ್ಕಳ ಆಹಾರದ ಬಗ್ಗೆ ಓದುವುದು, ಬರೆಯುವುದು ನನ್ನ ಕೆಲಸ. ನಾನೂ ಬೀದರ್ ಕಡೆಯವಳು. ನಿಮ್ಮಲ್ಲಿ ಕೇಳಿಕೊಳ್ಳುವುದು ಒಂದೇ: ಕೂಸು ಸಾಕು ಎಂದಾಗ ತುತ್ತನ್ನು ಕೆಳಗಿಡಿ. ಕಡಿಮೆ ಉಣಿಸಿ ಎಂದು ನಾನು ಹೇಳುತ್ತಿಲ್ಲ. ಆದರೆ ಅದರ ಹೊಟ್ಟೆ ತುಂಬಿದ್ದು ಅದಕ್ಕೆ ಗೊತ್ತಾಗುತ್ತದೆ. ಆ ಅರಿವನ್ನು ಒತ್ತಾಯದಿಂದ ಅಳಿಸಬೇಡಿ.

ಇಷ್ಟು ಸಣ್ಣ ಮಾತಿಗೆ ಬಹಿರಂಗ ಪತ್ರವೇಕೆ ಎನ್ನುವಿರಾದರೆ, ಈ ಲೆಕ್ಕ ನೋಡಿ. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ತೆಲಂಗಾಣದ ಐದು ವರ್ಷದೊಳಗಿನ ಮಕ್ಕಳಲ್ಲಿ ಎತ್ತರಕ್ಕೆ ಮೀರಿದ ತೂಕದವರು ಶೇ. 0.7 ಮಾತ್ರ ಇದ್ದರು. 2019-21ರ ಸಮೀಕ್ಷೆಯ ಹೊತ್ತಿಗೆ ಅದು ಶೇ. 3.4 ಆಯಿತು. ನಮ್ಮ ಕರ್ನಾಟಕದಲ್ಲಿ 2.6 ಇದ್ದದ್ದು 3.2ಕ್ಕೆ ಏರಿತು, ಇಡೀ ದೇಶದಲ್ಲಿ 2.1ರಿಂದ 3.4ಕ್ಕೆ. ನೂರು ಕೂಸುಗಳಲ್ಲಿ ಮೂರು-ನಾಲ್ಕು ಎಂದರೆ ದೊಡ್ಡ ಮಾತೇನು ಎಂದು ನಿಮಗೆ ಅನ್ನಿಸಬಹುದು. ಅದೇ ಸಮೀಕ್ಷೆಯಲ್ಲಿ ತೆಲಂಗಾಣದ ಶೇ. 31.8ರಷ್ಟು ಮಕ್ಕಳ ತೂಕ ವಯಸ್ಸಿಗೆ ತಕ್ಕಷ್ಟಿಲ್ಲ, ಶೇ. 33.1ರಷ್ಟು ಮಕ್ಕಳು ಕುಳ್ಳಗೆ ಉಳಿದಿದ್ದಾರೆ. ಹಸಿವೇ ಇನ್ನೂ ದೊಡ್ಡ ಸಂಕಟ, ಅದರಲ್ಲಿ ಎರಡು ಮಾತಿಲ್ಲ. ಆದರೆ 2000ನೇ ಇಸವಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಇಬ್ಬರು ಸಂಶೋಧಕಿಯರು, ಮರ್ಸಿಡೀಸ್ ದೆ ಒನಿಸ್ ಮತ್ತು ಮೋನಿಕಾ ಬ್ಲಾಸ್ನರ್, ಬಡ ದೇಶಗಳ, ಇನ್ನೂ ಶಾಲೆಯ ವಯಸ್ಸಿಗೆ ಬಾರದ ಮಕ್ಕಳ ಲೆಕ್ಕ ಹಾಕಿದಾಗಲೂ ಸಿಕ್ಕಿದ್ದು ಶೇ. 3.3ರ ಇಂಥದೇ ಸಣ್ಣ ಅಂಕಿ. ಹತ್ತು ವರ್ಷ ಕಳೆದು, 2010ರಲ್ಲಿ, ಜಗತ್ತಿನಲ್ಲಿ 4.3 ಕೋಟಿ ಪುಟ್ಟ ಮಕ್ಕಳ ತೂಕ ಮಿತಿ ಮೀರಿತ್ತು ಎಂದು ದೆ ಒನಿಸ್ ಮತ್ತವರ ಜೊತೆಗಾರರು ಅಂದಾಜಿಸಿದರು. ಅದರಲ್ಲಿ ಮೂರೂವರೆ ಕೋಟಿ ಮಕ್ಕಳು ನಮ್ಮಂಥ ದೇಶಗಳವರು. 2025ರಲ್ಲಿ ಯುನಿಸೆಫ್ ಹೇಳಿದ್ದು ಇನ್ನೂ ಗಂಭೀರ. 5ರಿಂದ 19 ವರ್ಷದವರಲ್ಲಿ ತೂಕ ಸಾಲದವರಿಗಿಂತ ಬೊಜ್ಜಿನವರೇ ಹೆಚ್ಚಾಗಿದ್ದಾರೆ, ಇತಿಹಾಸದಲ್ಲಿ ಇದೇ ಮೊದಲು. ಶಾಲೆಯ ಮಕ್ಕಳಲ್ಲಿ ಕಾಣುವ ಬೊಜ್ಜಿನ ಬೇರು ಎಷ್ಟೋ ಸಲ ನಿಮ್ಮ ಮಡಿಲಲ್ಲಿ ಕಳೆಯುವ ವರ್ಷಗಳಲ್ಲಿ ಇಳಿದಿರುತ್ತದೆ.

ನಿಮ್ಮ ಕೈ ಯಾಕೆ ಅಷ್ಟು ಉಣಿಸುತ್ತದೆ ಎಂಬುದು ನನಗೆ ಗೊತ್ತು. ನಮ್ಮ ಕಡೆಯ ಬರಗಳನ್ನು ಕಂಡವರು ನೀವು. ಎಪ್ಪತ್ತೆರಡರ ಬರದಲ್ಲಿ ನಿಮ್ಮಲ್ಲಿ ಹಲವರು ಇನ್ನೂ ಮಕ್ಕಳು, ಕೆಲವರು ಹೊಸದಾಗಿ ಮದುವೆಯಾದವರು. ಸೊರಗಿದ ಕೂಸಿಗೆ ಒಂದು ಭೇದಿ, ಒಂದು ದಡಾರ ಬಂದರೆ ಅದು ಉಳಿಯುವುದೇ ಕಷ್ಟವಾಗಿದ್ದ ಕಾಲ ಅದು. ಮೈ ತುಂಬಿಕೊಂಡ ಕೂಸು ಜ್ವರ ಬಂದರೂ ತಡೆದುಕೊಂಡೀತು ಎಂಬ ನಿಮ್ಮ ನಂಬಿಕೆ ಆ ಕಾಲಕ್ಕೆ ಸರಿಯಾಗಿಯೇ ಇತ್ತು.

ಈ ಊರಿನ ವಿಜ್ಞಾನವೂ ಆ ಹಸಿವಿನ ಮುಂದೆಯೇ ಬೆಳೆದದ್ದು. ತಾರ್ನಾಕದಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಮುಂದೆ ನೀವು ಬಸ್ಸಿನಲ್ಲಿ ಹಾದುಹೋಗಿರಬಹುದು. 1918ರಲ್ಲಿ ಕುನೂರಿನಲ್ಲಿ ಬೆರಿಬೆರಿ ರೋಗದ ಶೋಧಕ್ಕೆಂದು ರಾಬರ್ಟ್ ಮೆಕ್ಯಾರಿಸನ್ ಶುರುಮಾಡಿದ ಪುಟ್ಟ ಪ್ರಯೋಗಾಲಯ 1958ರಲ್ಲಿ ಹೈದರಾಬಾದಿಗೆ ಬಂದು ಬೆಳೆದು ಈ ಸಂಸ್ಥೆಯಾಯಿತು. ಡಾ. ಸಿ. ಗೋಪಾಲನ್ ಮತ್ತವರ ಸಹೋದ್ಯೋಗಿಗಳು ಇಲ್ಲಿ ಕಂಡದ್ದು ಮೂಳೆ-ಚಕ್ಕಳವಾದ ಮಕ್ಕಳನ್ನು, ಇರುಳುಗಣ್ಣಿನ ಮಕ್ಕಳನ್ನು. ಆರು ತಿಂಗಳಿಗೊಮ್ಮೆ ಮಕ್ಕಳ ಬಾಯಿಗೆ ‘ಎ’ ಜೀವಸತ್ವ ಹಾಕುವ 1970ರ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಇಲ್ಲಿನ ಶೋಧವೇ ಆಧಾರ. 1987ರಿಂದ 1990ರವರೆಗೆ ಈ ಸಂಸ್ಥೆಯವರು ಹೈದರಾಬಾದಿನ ಹತ್ತಿರದ 29 ಹಳ್ಳಿಗಳನ್ನು ಆರಿಸಿ, ಹದಿನೈದರಲ್ಲಿ ಬಸುರಿಯರಿಗೂ ಚಿಕ್ಕ ಮಕ್ಕಳಿಗೂ ಪೂರಕ ಆಹಾರ ಸಿಗುವಂತೆ ನೋಡಿಕೊಂಡರು. ಆ ಮಕ್ಕಳು ಹದಿಮೂರು-ಹದಿನೆಂಟಕ್ಕೆ ಬಂದಾಗ ಮತ್ತೆ ಅಳೆದು ನೋಡಿದರು. ಉಳಿದ ಹದಿನಾಲ್ಕು ಹಳ್ಳಿಗಳ ಮಕ್ಕಳಿಗಿಂತ ಅವರು ಸರಾಸರಿ 14 ಮಿಲಿಮೀಟರ್ ಎತ್ತರ ಇದ್ದರು. ರಕ್ತನಾಳಗಳ ಬಿಗಿತವೂ ಕಡಿಮೆ, ಸಕ್ಕರೆ ಕಾಯಿಲೆಯ ಕಡೆಗೆ ಮೈ ವಾಲುವುದೂ ಕಡಿಮೆ. ಹಸಿದ ಕೂಸಿಗೆ ಹೊತ್ತಿಗೆ ಸಿಕ್ಕ ಅನ್ನ ಎತ್ತರಕ್ಕೆ ಹೋಯಿತು, ಎದೆಗೂ ಒಳ್ಳೆಯದಾಯಿತು. ಆದರೆ ಹಸಿವಿಲ್ಲದ ಕೂಸಿನ ಬಾಯಿಗೆ ತುರುಕಿದ್ದು ಎತ್ತರಕ್ಕೆ ಹೋಗುವುದಿಲ್ಲ.

ಇಲ್ಲಿ ನೀವು ಗಮನಿಸಬೇಕಾದ ಒಂದು ಸಂಗತಿ ಇದೆ. ಇದೊಂದು ಎಲ್ಲ ಮನೆಗಳಿಗೂ ಗೊತ್ತಾದರೆ ಅರ್ಧ ಜಗಳ ನಿಲ್ಲುತ್ತದೆ ಎಂದು ನನ್ನ ನಂಬಿಕೆ. ಮೂರು ಕಿಲೋ ಇದ್ದು ಹುಟ್ಟಿದ ಕೂಸು ಮೊದಲ ಹುಟ್ಟುಹಬ್ಬಕ್ಕೆ ಒಂಬತ್ತು ಕಿಲೋ ಆಗುತ್ತದೆ. ಮೂರು ಪಟ್ಟು! ಆದರೆ ಎರಡನೆಯ ವರ್ಷವಿಡೀ ಅದು ಏರುವುದು ಎರಡು, ಎರಡೂವರೆ ಕಿಲೋ. ಆಮೇಲೆ ವರ್ಷಕ್ಕೆ ಸುಮಾರು ಎರಡು ಕಿಲೋ ಅಷ್ಟೇ. ಎತ್ತರ ಮಾತ್ರ ಬೆಳೆಯುತ್ತಲೇ ಇರುತ್ತದೆ. ಎರಡನೆಯ ವರ್ಷದಲ್ಲೇ ಸುಮಾರು 12 ಸೆಂಟಿಮೀಟರ್. ಹಾಗಾಗಿ ಕೆನ್ನೆ ಇಳಿಯುತ್ತದೆ, ತೊಡೆಯ ಮಡಿಕೆಗಳು ಮಾಯವಾಗುತ್ತವೆ, ಪಕ್ಕೆಲುಬು ಕಾಣುತ್ತದೆ. ಹಸಿವೂ ತಗ್ಗುತ್ತದೆ, ಯಾಕೆಂದರೆ ಮೈಗೆ ಮೊದಲಿನಷ್ಟು ಬೇಕಾಗಿಲ್ಲ. ಮಗು ಅತ್ಯಂತ ತೆಳ್ಳಗೆ ಕಾಣುವುದು ಐದು-ಆರನೆಯ ವರ್ಷದ ಸುಮಾರಿಗೆ, ಅಲ್ಲಿಂದ ಮತ್ತೆ ಮೈ ತುಂಬತೊಡಗುತ್ತದೆ. ಪ್ರಕೃತಿ ಹಾಕಿಕೊಟ್ಟ ದಾರಿ ಇದು.

ನಮ್ಮ ಮನೆಗಳಲ್ಲಿ ಗಾಬರಿ ಹುಟ್ಟುವುದು ಸರಿಯಾಗಿ ಇದೇ ವಯಸ್ಸಿನಲ್ಲಿ. ‘ಕೂಸು ಸೊರಗ್ಯಾದ’ ಎಂದು ಊರಿನಿಂದ ಬಂದವರೆಲ್ಲ ಹೇಳುತ್ತಾರೆ. ದೃಷ್ಟಿ ತೆಗೆಯುತ್ತೀರಿ. ಸೊಸೆ ಸರಿಯಾಗಿ ನೋಡಿಕೊಳ್ಳುತ್ತಿಲ್ಲ ಎಂಬ ಮಾತು ಹಗುರವಾಗಿ ತೇಲಿಬರುತ್ತದೆ, ಅವಳು ಒಳಗೆ ಹೋಗಿ ಅಳುತ್ತಾಳೆ. ಮರುದಿನದಿಂದ ಹಾಲಿಗೆ ಪುಡಿ, ಅನ್ನಕ್ಕೆ ಇನ್ನೊಂದು ಚಮಚ ತುಪ್ಪ, ಮಧ್ಯಾಹ್ನ ಚಹಾದಲ್ಲಿ ಅದ್ದಿದ ಉಸ್ಮಾನಿಯಾ ಬಿಸ್ಕತ್ತು, ಮಲಗುವಾಗ ಬಾಟಲಿಯಲ್ಲಿ ಸಕ್ಕರೆ ಹಾಲು. ಐದು-ಆರನೆಯ ವರ್ಷಕ್ಕೆ ತುಂಬಬೇಕಾದ ಮೈ ಮೂರು-ನಾಲ್ಕನೆಯ ವರ್ಷಕ್ಕೇ ತುಂಬತೊಡಗುತ್ತದೆ. ಇದನ್ನು ಕಂಡು ಮನೆಮಂದಿಯೆಲ್ಲ ಸಂತೋಷಪಡುತ್ತಾರೆ. ವೈದ್ಯರಿಗೆ ಇದು ಎಚ್ಚರಿಕೆಯ ಗುರುತು. ದೆಹಲಿಯಲ್ಲಿ ಹುಟ್ಟಿನಿಂದ ಬೆನ್ನುಹತ್ತಿ ಅಳೆದ 1,492 ಜನರ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಆಗ ಅವರ ವಯಸ್ಸು 26ರಿಂದ 32. ಅಷ್ಟು ಎಳೆಯ ವಯಸ್ಸಿಗೇ ಸಕ್ಕರೆ ಕಾಯಿಲೆಯೋ ಅದರ ಹೊಸ್ತಿಲೋ ತಲುಪಿದ್ದವರಲ್ಲಿ ಹೆಚ್ಚಿನವರ ಬಾಲ್ಯದ ಕಥೆ ಒಂದೇ ಬಗೆಯದು. ಎರಡು ವರ್ಷದ ತನಕ ತೆಳ್ಳಗಿದ್ದವರು, ಆಮೇಲೆ ಬೇಗ ಮೈ ತುಂಬಿಕೊಂಡವರು.

ಇನ್ನೊಂದು ವಿಷಯ ನಮ್ಮ ಮೈಸೂರಿನಿಂದಲೇ ಗೊತ್ತಾದದ್ದು. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997-98ರಲ್ಲಿ ಬಸುರಿಯರನ್ನು ನೋಂದಾಯಿಸಿಕೊಂಡು, ಹುಟ್ಟಿದ ಕೂಸುಗಳನ್ನು ವರ್ಷಗಟ್ಟಲೆ ಅಳೆಯುತ್ತಾ ಬಂದರು. ಇಂಗ್ಲೆಂಡಿನ ಕೂಸುಗಳ ಪಕ್ಕದಲ್ಲಿಟ್ಟರೆ ನಮ್ಮವು ಎಲ್ಲ ಅಳತೆಯಲ್ಲೂ ಸಣ್ಣವು. ಆದರೆ ಬೆನ್ನಿನ ಚರ್ಮದ ಕೆಳಗಿನ ಕೊಬ್ಬು ಮಾತ್ರ ಅಷ್ಟು ಕಡಿಮೆ ಇರಲಿಲ್ಲ. ನಾಲ್ಕು ವರ್ಷಕ್ಕೆ ಬಂದಾಗ ಅದು ಅಲ್ಲಿನ ಮಕ್ಕಳಿಗಿಂತ ಹೆಚ್ಚೇ ಇತ್ತು. ಪುಣೆಯಲ್ಲಿ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತವರ ತಂಡವೂ ಇದನ್ನೇ ಕಂಡಿತ್ತು. ತೆಳ್ಳಗೆ ಕಂಡರೂ ಒಳಗೆ ಕೊಬ್ಬು ಕೂಡಿಟ್ಟುಕೊಳ್ಳುವ ಮೈ ನಮ್ಮ ಮಕ್ಕಳದು. ಹೀಗಿರುವಾಗ ಆ ಶೇ. 3.4 ಎಂಬ ಅಂಕಿ ಪೂರ್ತಿ ಕಥೆ ಹೇಳುವುದಿಲ್ಲ, ತಕ್ಕಡಿಗೆ ಕಾಣುವುದು ತೂಕವಷ್ಟೇ. 2016-18ರ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯವರು ಮಕ್ಕಳ ರಕ್ತವನ್ನೇ ಪರೀಕ್ಷಿಸಿದರು. ಐದರಿಂದ ಒಂಬತ್ತು ವರ್ಷದ ಮಕ್ಕಳಲ್ಲಿ ಹತ್ತಕ್ಕೆ ಒಬ್ಬರು ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದರು. ಮೂರರಲ್ಲಿ ಒಬ್ಬರ ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಹೆಚ್ಚಾಗಿತ್ತು. ಒಂದನೇ, ಎರಡನೇ ಇಯತ್ತೆಯ ಮಕ್ಕಳು ಇವರು. ಇದನ್ನು ಓದಿದ ದಿನ ನನಗೆ ಬೇರೆ ಕೆಲಸ ಮಾಡಲಾಗಲಿಲ್ಲ.

ಮೈ ತುಂಬಿದ ಕೂಸಿಗೆ ರಕ್ತವೂ ತುಂಬಿರುತ್ತದೆ ಎಂದುಕೊಳ್ಳಬೇಡಿ. 2019-21ರ ಸಮೀಕ್ಷೆಯಲ್ಲಿ ತೆಲಂಗಾಣದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಎಪ್ಪತ್ತು ಮಕ್ಕಳಿಗೆ ರಕ್ತಹೀನತೆ ಇತ್ತು. ಹಾಲೇ ಅಮೃತವೆಂದು ದಿನಕ್ಕೆ ನಾಲ್ಕೈದು ಬಾಟಲಿ ಕುಡಿಸಿದರೆ ಊಟಕ್ಕೆ ಹೊಟ್ಟೆಯಲ್ಲಿ ಜಾಗವೇ ಉಳಿಯುವುದಿಲ್ಲ. ಹಾಲಿನಲ್ಲಿ ಕಬ್ಬಿಣಾಂಶ ಇಲ್ಲವೆನ್ನುವಷ್ಟು ಕಡಿಮೆ. ವರ್ಷ ತುಂಬಿದ ಕೂಸಿಗೆ ದಿನಕ್ಕೆ ಅರ್ಧ ಲೀಟರಿನೊಳಗೆ ಹಾಲು ಸಾಕು.

ಈಗ ಫೋನಿನ ಮಾತು. ಬಾಲ್ಕನಿಯ ಜಾಲರಿಯ ಆಚೆ ತೋರಿಸಲು ಕಾಗೆಯಿಲ್ಲ, ಎಮ್ಮೆಯಿಲ್ಲ. ಮೊಣಕಾಲು ನೋವು, ಕೂಸಿನ ಹಿಂದೆ ಓಡಲಾಗುವುದಿಲ್ಲ. ಫೋನು ಕೈಗೆ ಕೊಟ್ಟರೆ ಬಟ್ಟಲು ಹತ್ತು ನಿಮಿಷದಲ್ಲಿ ಖಾಲಿ. ನಿಮ್ಮ ಕಷ್ಟ ಸುಳ್ಳಲ್ಲ. ಆದರೆ ತೆರೆಯ ಮೇಲೆ ಕಣ್ಣು ನೆಟ್ಟ ಕೂಸಿಗೆ ತಾನು ಏನು ತಿಂದೆ, ಎಷ್ಟು ತಿಂದೆ ಎಂಬುದರ ಕಡೆಗೆ ಗಮನವಿಲ್ಲ. ಹೊಟ್ಟೆ ತುಂಬಿತು ಎಂಬ ಸುದ್ದಿ ತಲೆಗೆ ಮುಟ್ಟುವ ಮೊದಲೇ ಇನ್ನೂ ನಾಲ್ಕು ತುತ್ತು ಇಳಿದಿರುತ್ತದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಯಾವ ತೆರೆಯೂ ಬೇಡ ಎಂದು ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ 2021ರಲ್ಲಿ ಹೇಳಿತು. ಅವರು ಕೊಟ್ಟ ವಿನಾಯಿತಿ ಒಂದೇ, ದೂರದ ಬಂಧುಗಳೊಂದಿಗೆ ಅಪರೂಪಕ್ಕೆ ವಿಡಿಯೋ ಕಾಲ್. ಊರಲ್ಲಿರುವ ಇನ್ನೊಬ್ಬ ಆಯಿಯ ಮುಖವನ್ನು ಕೂಸು ಧಾರಾಳವಾಗಿ ನೋಡಲಿ. ಆದರೆ ಊಟದ ಹೊತ್ತಿನಲ್ಲಿ ಬೇಡ.

ಸಾಕೆಂದರೆ ನಿಲ್ಲಿಸಿ ಎಂಬುದು ಪರದೇಶದ ಶ್ರೀಮಂತರ ಪಾಠ ಎಂದು ಕೆಲವರು ನನ್ನ ಬಳಿ ವಾದಿಸಿದ್ದಾರೆ. ಅವರಿಗೆ ನಾನು ನಲ್ಗೊಂಡದ ಕಥೆ ಹೇಳುತ್ತೇನೆ. ಇದೇ ತಾರ್ನಾಕದ ಸಂಸ್ಥೆಯ ಡಾ. ಶಹನಾಜ್ ವಜೀರ್ ಮತ್ತು ಜೊತೆಗಾರರು ನಲ್ಗೊಂಡ ಜಿಲ್ಲೆಯ 60 ಹಳ್ಳಿಗಳಲ್ಲಿ ತಾಯಂದಿರ ಜೊತೆ ಕೆಲಸ ಮಾಡಿದರು. ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಅಲ್ಲಿನ ಮಕ್ಕಳ ತೊಂದರೆ ಬೊಜ್ಜಲ್ಲ, ಅಪೌಷ್ಟಿಕತೆ. ಕೆಲವು ಹಳ್ಳಿಗಳಲ್ಲಿ ಏನು ಉಣಿಸಬೇಕೆಂದು ಮಾತ್ರ ಕಲಿಸಿದರು. ಇನ್ನು ಕೆಲವು ಹಳ್ಳಿಗಳಲ್ಲಿ ಅದರ ಜೊತೆಗೆ ಹೇಗೆ ಉಣಿಸಬೇಕೆಂದೂ ಕಲಿಸಿದರು. ಕೂಸಿನ ಮುಖ ನೋಡುತ್ತಾ, ಮಾತಾಡಿಸುತ್ತಾ ಉಣಿಸುವುದು, ಹಸಿವಿನ ಮತ್ತು ತೃಪ್ತಿಯ ಸನ್ನೆ ಗುರುತಿಸುವುದು, ಒತ್ತಾಯ ಮಾಡದಿರುವುದು, ಆಡಿಸುವುದು. ಈ ಹಳ್ಳಿಗಳ ಮಕ್ಕಳು ಚೆನ್ನಾಗಿ ಉಂಡರು, ಅವರ ಬುದ್ಧಿಯ ಬೆಳವಣಿಗೆಯೂ ಉತ್ತಮವಾಗಿತ್ತು. ತೆಳ್ಳಗಿನ ಮಕ್ಕಳಿಗೇ ಒತ್ತಾಯವಿಲ್ಲದ ಊಟ ಇಷ್ಟು ಒಳಿತು ಮಾಡಿದ ಮೇಲೆ ನಮ್ಮ ಮನೆಯ ಮಕ್ಕಳಿಗೆ ಹೆದರಿಕೆ ಯಾತಕ್ಕೆ?

ಒಂದು ವಿಷಯದಲ್ಲಿ ಮಾತ್ರ ನಾನು ನಿಷ್ಠುರವಾಗಿಯೇ ಹೇಳುತ್ತೇನೆ, ಅದು ಸಕ್ಕರೆ. ಎರಡು ವರ್ಷದ ತನಕ ಕೂಸಿನ ಆಹಾರಕ್ಕೆ ಸಕ್ಕರೆ ಬೇಡವೇ ಬೇಡ. ಅದರ ನಾಲಿಗೆಗೆ ಹಾಲಿನ, ಹಣ್ಣಿನ, ಬೇಯಿಸಿದ ಗಜ್ಜರಿಯ ಸಿಹಿ ಬೇಕಾದಷ್ಟಾಯಿತು. ಡಬ್ಬಿಯ ಮೇಲೆ ನಗುವ ಕೂಸಿನ ಚಿತ್ರವಿದ್ದರೆ, ಶಕ್ತಿ, ಬುದ್ಧಿ, ಎತ್ತರ ಎಂಬ ಮಾತುಗಳಿದ್ದರೆ ಅದು ಒಳ್ಳೆಯದೇ ಇರಬೇಕೆಂದು ನಂಬುವುದು ಸಹಜ. ಅದಕ್ಕೇ ಅವರು ಹಾಗೆ ಬರೆಯುತ್ತಾರೆ. 2024ರ ಏಪ್ರಿಲ್‌ನಲ್ಲಿ ಸ್ವಿಟ್ಜರ್ಲೆಂಡಿನ ಪಬ್ಲಿಕ್ ಐ ಎಂಬ ಸಂಸ್ಥೆ ನಮ್ಮಲ್ಲಿ ಮಾರುವ ಸೆರೆಲ್ಯಾಕ್ ತರಿಸಿ ಪರೀಕ್ಷಿಸಿ, ಒಂದು ಸಲ ಬಡಿಸುವಷ್ಟರಲ್ಲಿ ಸರಾಸರಿ ಮೂರು ಗ್ರಾಮಿಗೆ ಹತ್ತಿರದಷ್ಟು ಸಕ್ಕರೆ ಸೇರಿಸಲಾಗಿದೆ ಎಂದು ಹೇಳಿತು. ಸೆರೆಲ್ಯಾಕ್ ಮಾಡುವ ಅದೇ ಕಂಪನಿ ಯುರೋಪಿನ ಮಾರುಕಟ್ಟೆಗಳಲ್ಲಿ ಸಕ್ಕರೆ ಸೇರಿಸದೆ ಮಾರುತ್ತಿತ್ತು. ಅದೇ ತಿಂಗಳು ಬೋರ್ನ್‌ವಿಟಾದಂಥ ಪುಡಿಗಳನ್ನು ಆರೋಗ್ಯ ಪೇಯಗಳ ಸಾಲಿನಿಂದ ತೆಗೆಯುವಂತೆ ಕೇಂದ್ರ ಸರ್ಕಾರ ಆನ್‌ಲೈನ್ ಅಂಗಡಿಗಳಿಗೆ ಸೂಚಿಸಿತು.

ನಮ್ಮ ಹೈದರಾಬಾದಿನದೇ ಒಂದು ಹೋರಾಟವೂ ಇದೆ. ಭೇದಿಯಾದ ಮಕ್ಕಳಿಗೆ ಕೊಡುವ ಓಆರ್‌ಎಸ್‌ನ ಹೆಸರು ಹೊತ್ತು, ಒಳಗೆ ಸಕ್ಕರೆ ನೀರು ತುಂಬಿದ ಪೊಟ್ಟಣಗಳು ಔಷಧಿ ಅಂಗಡಿಗಳಲ್ಲೇ ಮಾರಾಟವಾಗುತ್ತಿದ್ದವು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಓಆರ್‌ಎಸ್‌ನಲ್ಲಿ ಒಂದು ಲೀಟರಿಗೆ ಗ್ಲೂಕೋಸ್ 13.5 ಗ್ರಾಂ, ಈ ಪೇಯಗಳಲ್ಲಿ ಸಕ್ಕರೆ ಅದರ ಹಲವು ಪಟ್ಟು. ಭೇದಿಯನ್ನು ಅದು ಹೆಚ್ಚಿಸಬಲ್ಲದು. ಈ ಊರಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಎಂಟು ವರ್ಷ ಇದರ ವಿರುದ್ಧ ಒಬ್ಬರೇ ಎನ್ನುವಂತೆ ಬಡಿದಾಡಿದರು, ಕೋರ್ಟಿಗೂ ಹೋದರು. 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಇಂಥ ಪೇಯಗಳ ಮೇಲೆ ಓಆರ್‌ಎಸ್ ಎಂದು ಬರೆಯುವುದನ್ನೇ ನಿಷೇಧಿಸಿತು. ಆ ತಾಯಿಗೆ ನಾವೆಲ್ಲ ಋಣಿಗಳು. ಹಾಗಾಗಿ ಪೊಟ್ಟಣದ ಮುಂಭಾಗ ನಂಬಬೇಡಿ. ಕನ್ನಡಕ ಹಾಕಿಕೊಂಡು, ಇಲ್ಲವಾದರೆ ಮಗನ ಕೈಲಿ ಓದಿಸಿ, ಹಿಂಭಾಗದ ಸಣ್ಣ ಅಕ್ಷರ ನೋಡಿ. ಸಕ್ಕರೆ ಎಂಬುದು ಪಟ್ಟಿಯಲ್ಲಿ ಮೊದಲ ಮೂರರೊಳಗೆ ಬಂದರೆ ಅದು ಕೂಸಿನ ಬಾಯಿಗೆ ಹೋಗುವಂಥದ್ದಲ್ಲ.

ಹಾಗಾದರೆ ಏನು ಕೊಡಬೇಕು ಎಂದು ನೀವು ಯಾರನ್ನೂ ಕೇಳಬೇಕಾಗಿಲ್ಲ. ಎಪ್ಪತ್ತೆರಡರ ಆ ಬರದ ವರ್ಷದಲ್ಲೇ ಈ ಊರಿನ ಹೊರಗೆ, ಪಟಾನ್‌ಚೆರುವಿನಲ್ಲಿ, ಇಕ್ರಿಸ್ಯಾಟ್ ಎಂಬ ಅಂತಾರಾಷ್ಟ್ರೀಯ ಸಂಶೋಧನಾ ಕೇಂದ್ರ ಶುರುವಾಯಿತು. ಒಣಭೂಮಿಯ ಬೆಳೆಗಳೆಂದು ಅವರು ಮುಖ್ಯವಾಗಿ ಶೋಧಿಸುತ್ತಾ ಬಂದದ್ದು ಜೋಳ, ಸಜ್ಜೆ, ತೊಗರಿ, ಕಡಲೆ, ಶೇಂಗಾ. ನಿಮ್ಮ ಹೊಲದಲ್ಲಿ ಬೆಳೆದದ್ದು, ನಿಮ್ಮ ಒಲೆಯ ಮೇಲೆ ಬೆಂದದ್ದು ಅವೇ ಅಲ್ಲವೇ? ಬಿಸಿ ಜೋಳದ ರೊಟ್ಟಿಯನ್ನು ತೊಗರಿ ಬೇಳೆಯಲ್ಲಿ ನೆನೆಸಿ ಮೆತ್ತಗೆ ಹಿಚುಕಿ ಕೊಡಿ. ಮಜ್ಜಿಗೆ ಹಾಕಿದ ನುಚ್ಚು, ಖಾರ ತೆಗೆದ ಪುಂಡಿಪಲ್ಯ, ಮೆಂತ್ಯದ ಬ್ಯಾಳಿ, ತಿನ್ನುವವರಾದರೆ ತತ್ತಿ. ಶೇಂಗಾ ಮಾತ್ರ ಇಡೀ ಕಾಳಾಗಿ ಬೇಡ, ಗಂಟಲಲ್ಲಿ ಸಿಕ್ಕೀತು. ಕುಟ್ಟಿ ಪುಡಿ ಮಾಡಿ. ತುಪ್ಪ ಹಾಕಿ, ಆದರೆ ಅಳತೆಯಿರಲಿ. ಕೂಸಿಗೆ ಒಂದು ಪುಟ್ಟ ಬಟ್ಟಲು ಬೇರೆ ಇಟ್ಟು ಅದರ ಕೈಯಿಂದಲೇ ತಿನ್ನಲು ಬಿಡಿ, ನೆಲವೆಲ್ಲ ಹರಡಲಿ. ಒಂದು ದಿನ ಎರಡೇ ತುತ್ತು ತಿಂದು ಎದ್ದುಹೋದರೂ ಚಿಂತೆ ಬೇಡ. ಮುಂದಿನ ಊಟಕ್ಕೆ ಅದೇ ಕೇಳಿಕೊಂಡು ಬರುತ್ತದೆ, ನಡುವೆ ನೀವು ಬಿಸ್ಕತ್ತು ಕೊಡದಿದ್ದರೆ.

ಕೂಸು ಓಡಾಡಬೇಕು ಕೂಡ. ಒಂದು ವರ್ಷ ದಾಟಿದ ಮಕ್ಕಳು ದಿನಕ್ಕೆ ಒಟ್ಟು ಮೂರು ಗಂಟೆಯಾದರೂ ಮೈ ಆಡಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಅಪಾರ್ಟ್‌ಮೆಂಟಿನ ಕೆಳಗಿನ ಜಾಗವೆಲ್ಲ ಕಾರುಗಳಿಗೇ ಹೋಗಿರುವಾಗ ಇದು ನಿಮ್ಮೊಬ್ಬರ ಕೈಲಾಗುವ ಕೆಲಸವಲ್ಲ. ಸೊಸೈಟಿಯ ಸಭೆಗೆ ನೀವೇ ಹೋಗಿ. ಹಗಲು ಹೊತ್ತು ಆ ಕಟ್ಟಡದಲ್ಲಿ ನಿಜವಾಗಿ ಬದುಕುವವರು ನೀವು, ನಿಮ್ಮ ಮಾತಿಗೆ ತೂಕವಿದೆ. ಮೂರು ಕಾರು ನಿಲ್ಲುವ ಜಾಗವನ್ನು ಮಕ್ಕಳಿಗೆಂದು ಬಿಡಿಸಿಕೊಳ್ಳಿ. ಅಲ್ಲಿ ಆಡಲು ಕಾವಲುಗಾರರ ಮಕ್ಕಳಿಗೂ ಮನೆಗೆಲಸಕ್ಕೆ ಬರುವ ಹೆಣ್ಣುಮಗಳ ಕೂಸಿಗೂ ಬಾಗಿಲು ತೆರೆದಿರಲಿ. ತೆಲಂಗಾಣದ ತೂಕ ಸಾಲದ ಆ ಶೇ. 31.8ರಷ್ಟು ಮಕ್ಕಳಲ್ಲಿ ಒಬ್ಬಳು ಅವಳ ಮಗಳೇ ಇದ್ದಾಳು. ನಿಮ್ಮ ಮೊಮ್ಮಗ ಬೇಡವೆಂದ ತತ್ತಿ, ಬೇಳೆ ಅವಳಿಗೆ ನಿಜವಾಗಿಯೂ ಬೇಕಾಗಿದೆ. ಎಂಜಲಾಗಿ ಕೊಡಬೇಡಿ, ಅಡಿಗೆ ಮಾಡುವಾಗಲೇ ಅವಳ ಪಾಲಿನದೂ ಸೇರಿಸಿ ಮಾಡಿ.

ಮುಂದಿನ ಸಲ ಲಸಿಕೆಗೆ ಹೋದಾಗ ಕೂಸಿನ ತೂಕದ ಜೊತೆಗೆ ಎತ್ತರವನ್ನೂ ಅಳೆಯಲು ಹೇಳಿ. ತೂಕ ಎಷ್ಟಿದೆ ಎಂದು ಕೇಳಿ ಬಂದುಬಿಡಬೇಡಿ. ಎತ್ತರಕ್ಕೆ ತಕ್ಕ ತೂಕವಿದೆಯೇ, ಕಳೆದ ಸಲಕ್ಕಿಂತ ಗೆರೆ ಮೇಲಕ್ಕೆ ಜಿಗಿದಿದೆಯೇ, ಕೆಳಗೆ ಜಾರಿದೆಯೇ ಎಂದು ಕೇಳಿ. ವೈದ್ಯರಿಗೆ ಪುರುಸೊತ್ತಿಲ್ಲದಿದ್ದರೂ ಕೇಳಿ. ಗೆರೆ ತನ್ನ ಪಾಡಿಗೆ ತಾನು ನೆಟ್ಟಗೆ ಹೋಗುತ್ತಿದ್ದರೆ ಆ ಕಾಗದವನ್ನು ಮನೆಗೆ ತಂದು, ಕೂಸು ಸೊರಗಿದೆ ಎನ್ನುವ ನೆಂಟರಿಗೂ, ಎಲ್ಲಕ್ಕಿಂತ ಮೊದಲು ನಿಮ್ಮ ಸೊಸೆಗೂ ತೋರಿಸಿ.

ಇತಿ,
ನಿಮ್ಮ ಕಡೆಯ ಹೆಣ್ಣುಮಗಳು
ಹೈದರಾಬಾದ್